ನೋಡುವವರಿಗೆ ಗೊತ್ತಿರಬಾರದು

ಪಾತರಗಿತ್ತಿಯೊಂದು ಹಾರಿ ಕಣ್ಮರೆಯಾಗುವ ತನಕ ಅದರ ಮೇಲೆ ದೃಷ್ಟಿ ಇಟ್ಟು ನಿಲ್ಲುವ ಕೆಲಸ ಚನ್ನವ್ವನ ಪಾಲಿಗೆ ಬಂದದ್ದು ಗಂಡನ ಕಣ್ಣು ಮಂದವಾಗಿದ್ದರಿಂದ. ನಿಜಗುಣಪ್ಪ ಬೈಲಹೊಂಗಲದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಓದಿ ಓದಿ ಅವನ ಕಣ್ಣು ಎಷ್ಟು ಸೋತಿತ್ತೆಂದರೆ, ಕನ್ನಡಕ ತೆಗೆದರೆ ಎದುರಿಗೆ ನಿಂತವರು ಗಂಡೋ ಹೆಣ್ಣೋ ತಿಳಿಯುತ್ತಿರಲಿಲ್ಲ. ಚನ್ನವ್ವ ಮಲಪ್ರಭೆಯ ದಂಡೆಯ ಮನೋಳಿಯವಳು. ಚಿಕ್ಕಂದಿನಲ್ಲಿ ಹೊಳೆಯ ಈಚೆ ದಡದಲ್ಲಿ ನಿಂತು, ಆಚೆ ಮೇಯುವ ದನಗಳಲ್ಲಿ ತಮ್ಮ ಮನೆಯದು ಯಾವುದೆಂದು ಬೆರಳು ತೋರಿಸಿ ಹೇಳುತ್ತಿದ್ದಳು. ಆ ಕಣ್ಣು ಹಾಗೇ ಉಳಿದಿತ್ತು.

ಮದುವೆಯಾಗಿ ಹತ್ತು ವರ್ಷ ದಾಟಿತ್ತು. ಮೂರು ಸಲ ಬಸುರು ನಿಂತು ಮೂರು ಸಲವೂ ಇಳಿದುಹೋಗಿತ್ತು. ಮೂರನೆಯದು ಐದು ತಿಂಗಳು ತುಂಬಿದ ಮೇಲೆ, ಎಪ್ಪತ್ತಮೂರರ ಬೇಸಿಗೆಯಲ್ಲಿ. ಅದಾದ ಮೇಲೆ ಚನ್ನವ್ವ ಮಾತು ಬಿಟ್ಟಳು. ರೊಟ್ಟಿ ಬಡಿಯುವಳು, ನೀರು ತರುವಳು, ಗಂಡ ಕೇಳಿದ್ದಕ್ಕೆ ಹೂಂ ಅನ್ನುವಳು, ಅಷ್ಟೇ. ಮಳೆಗಾಲ ಮುಗಿದು ದಸರೆಯ ರಜೆ ಬಂದಾಗ ಅವಳನ್ನು ಒಬ್ಬಳನ್ನೇ ಮನೆಯಲ್ಲಿ ಬಿಟ್ಟು ಹೊರಡಲು ನಿಜಗುಣಪ್ಪನಿಗೆ ಮನಸ್ಸಾಗಲಿಲ್ಲ. "ಹೊಲಕ್ಕರೆ ಬಾ. ಮೈಗೆ ಗಾಳಿ ಬಡೀತೈತಿ" ಎಂದು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಚಚಡಿ ರಸ್ತೆಯ ಮೇಲಿದ್ದ ತಮ್ಮ ಮನೆತನದ ಎರೆಹೊಲಕ್ಕೆ ಕರೆದೊಯ್ದ.

ಆ ಹೊಲದ ಮೇಲೆ ಪ್ರತಿ ವರ್ಷ ಆ ಹೊತ್ತಿಗೆ ಪಾತರಗಿತ್ತಿಗಳು ಸಾಗುತ್ತಿದ್ದವು. ಕಪ್ಪು ರೆಕ್ಕೆ, ಅದರ ತುಂಬ ತಿಳಿನೀಲಿ ಚುಕ್ಕೆ, ಗೆರೆ. ಆಳೆತ್ತರದಲ್ಲಿ ಹಾರುತ್ತಿದ್ದವು, ಅವಸರವಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಬೇವಿನ ಮರ ಅಡ್ಡ ಬಂದರೆ ಬಳಸಿಕೊಂಡು ಹೋಗಿ ಮತ್ತೆ ತಮ್ಮ ಸಾಲಿಗೇ ಬರುತ್ತಿದ್ದವು. ಎಲ್ಲವೂ ಪಡುವಲಕ್ಕೆ. ಮಳೆಗಾಲ ಹಿಡಿಯುವ ಮುಂಚೆ ಸಹ್ಯಾದ್ರಿಯ ಕಾಡಿನಿಂದ ಬಯಲಿಗೆ ಇಳಿಯುತ್ತವೆ, ಮಳೆ ತೀರಿದ ಮೇಲೆ ಕಾಡಿಗೆ ತಿರುಗುತ್ತವೆ ಎಂದು ನಿಜಗುಣಪ್ಪ ವಿವರಿಸಿದ.

ಚನ್ನವ್ವ ಬದುವಿನ ಮೇಲೆ ಕುಳಿತು ಬಹಳ ಹೊತ್ತು ನೋಡಿದಳು. ಆಮೇಲೆ, "ಇಳಿದು ಬಂದವೇ ತಿರುಗಿ ಹೊಂಟಾವೋ, ಅವುಗಳ ಮಕ್ಕಳು ಹೊಂಟಾವೋ?" ಎಂದಳು.

ಅಷ್ಟು ತಿಂಗಳಲ್ಲಿ ಅವಳು ತಾನಾಗಿ ಕೇಳಿದ ಮೊದಲ ಮಾತು ಅದು. ನಿಜಗುಣಪ್ಪ ಉತ್ತರ ಕೊಡುವ ಮುಂಚೆ ಕನ್ನಡಕ ತೆಗೆದು ಒರೆಸಿಕೊಂಡ.

"ಮಕ್ಕಳ ಇರಬೇಕು. ಹಡದವು ಇಲ್ಲೇ ಸಾಯತಾವು."

"ಹಂಗಾರ ಇವಕ್ಕ ದಿಕ್ಕ ಹೇಳಿದವ್ರು ಯಾರು?"

"ಯಾರಿಗೂ ಗೊತ್ತಿಲ್ಲ," ಎಂದ ಅವನು. "ನಾವು ನೋಡೂಣೇನು?"

ಹಾಗೆ ಶುರುವಾಯಿತು. ಕಾಲೇಜಿನ ಪ್ರಯೋಗಾಲಯದ ಜವಾನ ಶಂಕ್ರೆಪ್ಪ ಸೊಳ್ಳೆಪರದೆಯ ಬಟ್ಟೆ ಹೊಡೆದು ಕಟ್ಟಿಗೆಯ ಪೆಟ್ಟಿಗೆಗಳನ್ನು ಮಾಡಿಕೊಟ್ಟ. ಒಣಗುತ್ತಿರುವ ಸೆಣಬಿನ ವಾಸನೆ ಪಾತರಗಿತ್ತಿಗೆ ಬಲು ಪ್ರೀತಿ; ಬೇಲಿಗೆ ಅದರ ಕಟ್ಟು ತೂಗುಬಿಟ್ಟರೆ ಬಂದು ಮುತ್ತುತ್ತಿದ್ದವು, ಬಲೆಯಲ್ಲಿ ಹಿಡಿಯುವುದು ಸುಲಭವಾಯಿತು. ಹೋಳಿಗೆ ಲಟ್ಟಿಸುವ ಹಳೆಯ ದುಂಡು ಮಣೆಯ ಅಂಚಿಗೆ ನಿಜಗುಣಪ್ಪ ಸುತ್ತಲೂ ಹದಿನಾರು ಗೆರೆ ಕೊರೆದು ಅಂಕಿ ಬರೆದ. ದಿಕ್ಸೂಚಿ ಇಟ್ಟು ಮಣೆಯನ್ನು ಹೊಂದಿಸಿದರೆ ಬಡಗಲಕ್ಕೆ ಒಂದು, ಮೂಡಲಕ್ಕೆ ಐದು, ತೆಂಕಲಕ್ಕೆ ಒಂಬತ್ತು, ಪಡುವಲಕ್ಕೆ ಹದಿಮೂರು. ಹೊಲದ ನಡುವೆ ಅವನು ನೆಲಕ್ಕೆ ಅಂಗಾತ ಮಲಗಿ ಪೆಟ್ಟಿಗೆಯ ಬಾಯಿ ತೆರೆಯುವನು. ನಿಂತರೆ ಆಳಿಗೆ ಹೆದರಿ ಪಾತರಗಿತ್ತಿ ಅಡ್ಡಹೋಗುತ್ತದೆಂದು ಈ ಉಪಾಯ. ಚನ್ನವ್ವ ದೂರದ ಬಂಡೆಯ ಮೇಲೆ ನಿಂತು, ಅದು ಮೇಲೇರಿ, ಒಂದೆರಡು ಸುತ್ತು ಹಾಕಿ, ಚುಕ್ಕೆಯಾಗಿ, ಆ ಚುಕ್ಕೆಯೂ ಕರಗುವ ತನಕ ರೆಪ್ಪೆ ಬಡಿಯದೆ ನೋಡಿ ಅಂಕಿ ಕೂಗುವಳು. ಗಾಳಿಯೇ ತಳ್ಳಿಕೊಂಡು ಹೋಗಿಬಿಟ್ಟರೆ? ಅದಕ್ಕೆ ಕೋಲಿನ ತುದಿಗೆ ನೂಲಿನ ಎಳೆ ಕಟ್ಟಿ ಗಾಳಿಯ ದಿಕ್ಕನ್ನೂ ಗುರುತು ಹಾಕುತ್ತಿದ್ದರು. ಗಾಳಿ ಯಾವ ಕಡೆ ಬೀಸಿದರೂ ಬಿಸಿಲಿದ್ದ ದಿನ ಪಾತರಗಿತ್ತಿಗಳು ಹದಿಮೂರಕ್ಕೇ ಹೋದವು, ಇಲ್ಲವೆ ಅದರ ಆಚೀಚೆ. ಮೋಡ ದಟ್ಟವಾಗಿ ಮುಚ್ಚಿದ ದಿನ ಬಿಟ್ಟವು ಮಾತ್ರ ದಿಕ್ಕಿಗೊಂದಾದವು.

"ಸೂರ್ಯನ್ನ ನೋಡೇ ಹೊಂಟಾವ," ಎಂದಳು ಚನ್ನವ್ವ, ಆ ದಿನ ಊಟಕ್ಕೆ ಕುಳಿತಾಗ.

"ಅಲ್ಲೇ ಐತಿ ತೊಡಕು. ಮುಂಜಾನೆ ಪಡುವಲಕ್ಕ ಹೋಗಬೇಕಂದ್ರ ಸೂರ್ಯನ್ನ ಬೆನ್ನಿಗೆ ಹಾಕ್ಕೋಬೇಕು. ಸಂಜೀಕ ಹೋಗಬೇಕಂದ್ರ ಎದರಿಗೆ ಇಟ್ಕೋಬೇಕು. ಇವು ಎರಡೂ ಹೊತ್ತಿನ್ಯಾಗ ಪಡುವಲಕ್ಕ ಹೊಂಟಾವ. ಹಂಗಾರ?"

ಚನ್ನವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಹೊತ್ತ ಎಷ್ಟಾತು ಅನ್ನೂದು ಅವಕ್ಕ ಗೊತ್ತಿರಬೇಕು."

"ಅಂದ್ರ ಒಳಗೊಂದು ಗಡಿಯಾರ ಇರಬೇಕು."

"ಇದ್ರ ಅದನ್ನ ತಪ್ಪಿಸಿ ನೋಡ್ರಿ. ಗಡಿಯಾರ ತಪ್ಪಿದ್ರ ದಾರಿನೂ ತಪ್ಪಬೇಕಲ್ಲ?"

ನಿಜಗುಣಪ್ಪ ಅವಳ ಮುಖವನ್ನೇ ನೋಡುತ್ತ ಕುಳಿತ. ಹೊರದೇಶದಲ್ಲಿ ಹಕ್ಕಿ, ಜೇನುಹುಳದ ಮೇಲೆ ಹಾಗೇ ಮಾಡಿ ನೋಡಿದ್ದಾರೆಂದು ಹೇಳಿದ. "ಬರೂ ವರ್ಷ ಪಾತರಗಿತ್ತಿ ಮ್ಯಾಲ ನಾವು ನೋಡೂಣು." ನಾವು ಎಂದ ಆ ಮಾತನ್ನು ಚನ್ನವ್ವ ವರ್ಷವಿಡೀ ಮನಸ್ಸಿನಲ್ಲಿ ಇಟ್ಟುಕೊಂಡಳು. ಹತ್ತು ವರ್ಷದ ಸಂಸಾರದಲ್ಲಿ ಗಂಡ ಅವಳೊಡನೆ ಇಷ್ಟು ಮಾತಾಡಿದ್ದೇ ಇರಲಿಲ್ಲ. ಮಕ್ಕಳಾಗದಿದ್ದರೂ ಹೀಗೆ ಬದುಕಬಹುದು, ಇದೂ ಒಂದು ಬಾಳುವೆಯೇ ಎಂದು ಅವಳಿಗೆ ಮೊದಲ ಸಲ ಅನಿಸಿತು.

ಮುಂದಿನ ವರ್ಷದ ಹಂಗಾಮಿಗೆ ಮನೆಯ ಹಿಂದಿನ ಕೋಣೆಯನ್ನು ಖಾಲಿ ಮಾಡಿದರು. ಕಿಟಕಿಗೆ ಗೋಣಿತಟ್ಟು ಬಡಿದು, ಸಂದುಗಳಿಗೆ ಸೆಗಣಿ ಮೆತ್ತಿ, ಬೆಳಕಿನ ಎಳೆಯೂ ಬಾರದಂತೆ ಮಾಡಿ ವಿದ್ಯುತ್ ದೀಪ ಹಾಕಿಸಿದರು. ಅಲ್ಲಿಯ ಪಾತರಗಿತ್ತಿಗಳಿಗೆ ಬೆಳಗಾಗುವುದು ಹತ್ತು ಗಂಟೆಗೆ, ಕತ್ತಲಾಗುವುದು ರಾತ್ರಿ ಹತ್ತಕ್ಕೆ. ಇನ್ನೊಂದು ಗುಂಪು ಪಡಸಾಲೆಯಲ್ಲಿ, ನಮ್ಮ ನಿಮ್ಮಂತೆ ಸೂರ್ಯನ ಹೊತ್ತಿಗೇ ಏಳುತ್ತ ಮಲಗುತ್ತ ಇತ್ತು. ಎರಡೂ ಗುಂಪಿಗೆ ಉಣಿಸುವವಳು ಚನ್ನವ್ವ. ಸಕ್ಕರೆ ನೀರಿನಲ್ಲಿ ಅರಳೆ ಅದ್ದಿ, ಪಾತರಗಿತ್ತಿಯ ರೆಕ್ಕೆಗಳನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು, ಸುರುಳಿ ಸುತ್ತಿದ ನಾಲಿಗೆಯನ್ನು ಸೂಜಿಯ ಮೊನೆಯಿಂದ ಬಿಡಿಸಿ ಅರಳೆಗೆ ಮುಟ್ಟಿಸುವಳು. ಒಮ್ಮೆ ರುಚಿ ಹತ್ತಿದರೆ ತಾವೇ ಕುಡಿಯುತ್ತಿದ್ದವು.

ಹೊಲಕ್ಕೆ ಒಯ್ಯುವ ಮುಂಚೆ ಎರಡೂ ಕಡೆಯವನ್ನು ಶಂಕ್ರೆಪ್ಪ ಒಂದೇ ತರದ ಡಬ್ಬಿಗಳಿಗೆ ಹಾಕಿ, ತಳಕ್ಕೆ ಬಣ್ಣದ ದಾರ ಕಟ್ಟುತ್ತಿದ್ದ. ಯಾವ ಬಣ್ಣ ಯಾವ ಗುಂಪಿನದೆಂಬುದು ಅವನೊಬ್ಬನಿಗೇ ಗೊತ್ತು. ಹಂಗಾಮು ಮುಗಿಯುವ ತನಕ ಬಾಯಿ ಬಿಡಬಾರದೆಂದು ನಿಜಗುಣಪ್ಪ ಅವನಿಗೆ ತಾಕೀತು ಮಾಡಿದ್ದ.

ಚನ್ನವ್ವನಿಗೆ ಇದು ಮೊದಲು ಚುಚ್ಚಿತು. "ನಾ ಸುಳ್ಳ ಹೇಳತೇನಂತ ಅನಸೇತೇನ್ರಿ?"

"ನೀ ಹೇಳೂದಿಲ್ಲ. ಕಣ್ಣ ಹೇಳತೈತಿ, ನಿನಗ ತಿಳಿಯದಂಗ. ಇದು ಕತ್ತಲಿ ಕೋಣ್ಯಾಂದು, ದಾರಿ ತಪ್ಪಬೇಕು ಅಂತ ಮನಸಿನ್ಯಾಗಿದ್ರ ಕಣ್ಣಿಗೆ ಹಂಗ ಕಾಣಾಕ ಸುರು ಆಗತೈತಿ. ಅದಕ್ಕ ನೋಡಾವರಿಗೆ ಗೊತ್ತಿರಬಾರದು. ನನಗೂ ಗೊತ್ತಿರಬಾರದು."

ಅದು ಅವಳಿಗೆ ಒಪ್ಪಿಗೆಯಾಯಿತು.

ಆಗೊಮ್ಮೆ ಅತ್ತೆ ಗುರುಬಸವ್ವ ಚಚಡಿಯಿಂದ ಬಂದಳು. ಹಿರಿಯ ಮನೆತನದ ಹೆಂಗಸು. ಗಂಡ ಸತ್ತ ಮೇಲೆ ಹೊಲಮನೆ ಎಲ್ಲವನ್ನೂ ಒಬ್ಬಳೇ ನಡೆಸಿಕೊಂಡು ಬಂದವಳು. ಸೊಸೆ ಹಿಂದಿನ ಕೋಣೆಯಲ್ಲಿ ದೀಪದ ಕೆಳಗೆ ಕುಳಿತು ಪಾತರಗಿತ್ತಿಗೆ ಉಣಿಸುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಬಯ್ಯಲಿಲ್ಲ. "ಕೂಸಿಗೆ ಹಾಲ ಕುಡಿಸಿದಂಗ ಕುಡಸ್ತಾಳಲ್ಲೋ," ಎಂದು ಮಗನಿಗೆ ಹೇಳಿದಳು, ಅಷ್ಟೇ. ಆ ಸಂಜೆ ತಾಯಿ ಮಗ ಕಟ್ಟೆಯ ಮೇಲೆ ಬಹಳ ಹೊತ್ತು ತಗ್ಗಿದ ದನಿಯಲ್ಲಿ ಮಾತಾಡಿದರು. ಹೊಲದ ವಿಷಯವಿದ್ದೀತು ಎಂದುಕೊಂಡು ಚನ್ನವ್ವ ಒಳಗೆ ರೊಟ್ಟಿ ಬಡಿದಳು.

ಅಲ್ಲಿಂದ ನಿಜಗುಣಪ್ಪ ಮೇಲಿಂದ ಮೇಲೆ ಚಚಡಿಗೆ ಹೋಗತೊಡಗಿದ. ಒಂದು ರವಿವಾರ ರಾಮದುರ್ಗಕ್ಕೆ ಹೋಗಿಬರುತ್ತೇನೆಂದ. ಇಲ್ಲಿ ಹಿಡಿದ ಪಾತರಗಿತ್ತಿಗಳನ್ನು ಮೂಡಲಕ್ಕೆ ಅಷ್ಟು ದೂರ ಒಯ್ದು ಬಿಟ್ಟರೆ ಅಲ್ಲಿಂದಲೂ ಪಡುವಲಕ್ಕೇ ಹೋಗುತ್ತವೆಯೋ ಇಲ್ಲವೋ ನೋಡಬೇಕಂತೆ. ಚನ್ನವ್ವ ಅವನ್ನು ಜೋಪಾನವಾಗಿ ಡಬ್ಬಿಗೆ ತುಂಬಿ, ಬಸ್ಸಿನ ಸೆಕೆಗೆ ಸಾಯಬಾರದೆಂದು ಒದ್ದೆ ಬಟ್ಟೆ ಸುತ್ತಿಕೊಟ್ಟಳು. "ನಾನೂ ಬರಲೇನು?" ಎಂದದ್ದಕ್ಕೆ, "ಕೋಣಿ ದೀಪ ಯಾರು ನೋಡತಾರ?" ಎಂದ. ಅದೂ ನಿಜವೇ ಅನಿಸಿತು. ಸವದತ್ತಿಯ ಮೇಲೆ ಹೋಗುವ ಬಸ್ಸು ಹತ್ತಿಸಿ ಬಂದಳು. ಮರಳಿ ಬಂದವನು, "ಅಲ್ಲೂ ಹದಿಮೂರ," ಎಂದ. ಅವಳು ಹಿಗ್ಗಿದಳು.

ದೀಪಾವಳಿ ಹತ್ತಿರ ಬಂತು. ಕೊನೆಯ ಸಲ ಬಿಡುವ ದಿನ ಮುಂಜಾನೆ ಬಳೆಗಾರ್ತಿ ಕೃಷ್ಣವ್ವ ಓಣಿಗೆ ಬಂದಳು. ಹಬ್ಬಕ್ಕೆಂದು ಚನ್ನವ್ವ ಅವಳನ್ನು ಕಟ್ಟೆಯ ಮೇಲೆ ಕೂಡಿಸಿ ಕೈ ನೀಡಿದಳು. ಕೃಷ್ಣವ್ವ ವರ್ಷಗಳಿಂದ ಗುರುತಿನವಳು. ಬೆರಳುಗಳನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿ ಬಳೆ ಏರಿಸುತ್ತ, "ನಿನ್ನ ಎದಿ ದೊಡ್ಡದು ಬಿಡ ತಂಗಿ," ಎಂದಳು.

"ಯಾಕ ಬೇ?"

"ನಾ ಆಗಿದ್ರ ಗ್ವಾಡಿಗೆ ತಲಿ ಚಚ್ಚಿಕೊಂತಿದ್ನಿ. ನೀ ನಕ್ಕೋತ ಬಳಿ ಇಟಗೊಳ್ಳಾಕತ್ತಿ. ನಿನ್ನ ಅತ್ತಿ ಹಸಿರ ಬಳಿ ಹೇಳ್ಯಾಳ, ತುಳಸಿ ಲಗ್ನ ಆಗೂದ ತಡಾ ಚಚಡಿಗೆ ಬಾ ಅಂದಾಳ. ರಾಮದುರ್ಗದ ಹುಡಗಿ ಕೈ ಭಾಳ ಸಣ್ಣ ಅದಾವಂತ, ಸಣ್ಣ ಅಳತೀವ ತರಬೇಕಂತ."

ಚನ್ನವ್ವನಿಗೆ ಮೊದಲು ಅರ್ಥವಾಗಲಿಲ್ಲ. ಮೈದುನರು ಅವಳಿಗೆ ಇರಲಿಲ್ಲ. ಚಚಡಿಯ ಆ ಮನೆಯಲ್ಲಿ ಲಗ್ನವಾಗಬೇಕಾದ ಗಂಡಸು ಬೇರೆ ಯಾರೂ ಇರಲಿಲ್ಲ. ಇದೆಲ್ಲ ಒಂದೊಂದಾಗಿ ಮನಸ್ಸಿಗೆ ಬರುವಷ್ಟರಲ್ಲಿ ಕೃಷ್ಣವ್ವ ಅವಳ ಮುಖ ನೋಡಿದಳು, ನೋಡಿದ್ದೇ ಕೈ ಬಿಟ್ಟಳು.

"ನಿನಗ ಹೇಳಿಲ್ಲೇನ ಯವ್ವಾ?" ಎಂದಳು ಮೆಲ್ಲಗೆ.

"ಹೇಳ್ಯಾರ," ಎಂದಳು ಚನ್ನವ್ವ. "ಆ ಕೈಗೂ ಹಾಕು."

ಕೃಷ್ಣವ್ವ ಇನ್ನೊಂದು ಕೈಗೂ ಬಳೆ ಹಾಕಿ, ತಲೆ ತಗ್ಗಿಸಿಕೊಂಡು ಬುಟ್ಟಿ ಹೊತ್ತು ಹೋದಳು.

ಚನ್ನವ್ವ ಒಳಗೆ ಹೋಗಿ ಹಿಂದಿನ ಕೋಣೆಯ ಬಾಗಿಲು ಮುಚ್ಚಿಕೊಂಡು ಕುಳಿತಳು. ಅಳು ಬರಲಿಲ್ಲ. ಪಾತರಗಿತ್ತಿಗಳು ಪರದೆಗೆ ಅಂಟಿಕೊಂಡು ರೆಕ್ಕೆ ಮಡಿಸುತ್ತ ತೆರೆಯುತ್ತ ಇದ್ದವು. ಗೋಣಿತಟ್ಟು ಕಿತ್ತು ಕಿಟಕಿ ತೆರೆದುಬಿಟ್ಟರೆ ಸಾಕು, ಅವನ ವರ್ಷದ ಕೆಲಸವೆಲ್ಲ ಮಣ್ಣುಪಾಲು. ಅವಳ ಕೈ ಕಿಟಕಿಯ ತನಕ ಹೋಯಿತು. ಆದರೆ ಅದು ಅವಳದೂ ಕೆಲಸವಾಗಿತ್ತು. ಕೈ ಹಿಂದಕ್ಕೆ ತೆಗೆದು ಅರಳೆಯನ್ನು ಸಕ್ಕರೆ ನೀರಿನಲ್ಲಿ ಅದ್ದಿದಳು.

ಮಧ್ಯಾಹ್ನ ಮೂವರೂ ಹೊಲಕ್ಕೆ ಹೋದರು. ಆಕಾಶ ನಿಚ್ಚಳವಾಗಿತ್ತು, ನೂಲಿನ ಎಳೆ ಅಲುಗುತ್ತಿರಲಿಲ್ಲ. ಇಂಥ ದಿನ ಸಿಗುವುದೇ ಅಪರೂಪವೆಂದು ನಿಜಗುಣಪ್ಪ ಖುಷಿಯಲ್ಲಿದ್ದ. ಚನ್ನವ್ವ ಬಂಡೆ ಹತ್ತಿದಳು. ಅವನು ಮಲಗಿಕೊಂಡು ಮೊದಲ ಡಬ್ಬಿ ತೆರೆದ.

ಪಾತರಗಿತ್ತಿ ಮೇಲೇರಿತು. ಬಂಡೆಯ ಮೇಲೆ ನಿಂತವಳಿಗೆ ಆ ಗಳಿಗೆಯಲ್ಲಿ ಗಂಡನ ಲಗ್ನ, ರಾಮದುರ್ಗ, ಹಸಿರು ಬಳೆ ಎಲ್ಲ ಒಮ್ಮೆಲೇ ಎದೆಗೆ ನುಗ್ಗಿ ಕಣ್ಣು ಮಸುಕಾಯಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. ತಾನು ಈಗ ಯಾವ ಅಂಕಿ ಕೂಗಿದರೂ ನಡೆಯುತ್ತದೆ, ಕೆಳಗೆ ಮಲಗಿದವನಿಗೆ ಕಾಣಿಸುವುದಿಲ್ಲ ಎಂಬುದೂ ಅವಳಿಗೆ ಹೊಳೆಯದೆ ಇರಲಿಲ್ಲ. ಚುಕ್ಕೆ ಸಣ್ಣದಾಗುತ್ತ ಹೋಗಿ ಬೆಳಗಾವಿಯ ದಿಕ್ಕಿನ ಬಿಳಿ ಬಾನಿನಲ್ಲಿ ಇಲ್ಲವಾಯಿತು.

"ಹದಿಮೂರು," ಎಂದು ಕೂಗಿದಳು.

ಮುಂದಿನದು ಗೋಕಾಕದ ಗುಡ್ಡಗಳ ಕಡೆ ಹೋಯಿತು. "ಒಂದು," ಎಂದಳು. ಆಮೇಲಿನದು ಹದಿನಾಲ್ಕು. ಮತ್ತೆ ಒಂದು. ಎರಡು. ಹದಿಮೂರು. ಹೊತ್ತು ಇಳಿಯುವ ತನಕ ಹೀಗೇ ನಡೆಯಿತು. ಒಂದನ್ನು ಮಾತ್ರ ಗಿಡುಗವೊಂದು ಅಡ್ಡ ಹಾರಿದ್ದರಿಂದ ಕಳೆದುಕೊಂಡಳು. ಅದನ್ನೂ, "ಕಾಣಲಿಲ್ಲ," ಎಂದು ಇದ್ದಂತೆಯೇ ಹೇಳಿದಳು.

ಎಲ್ಲ ಮುಗಿದ ಮೇಲೆ ನಿಜಗುಣಪ್ಪ ಶಂಕ್ರೆಪ್ಪನನ್ನು ಬೇವಿನ ಕೆಳಗೆ ಕೂಡಿಸಿಕೊಂಡು ದಾರದ ಬಣ್ಣಗಳನ್ನು ಬಿಡಿಸಿ ಹೇಳೆಂದ. ಈ ವರ್ಷ ಬಿಟ್ಟದ್ದನ್ನೆಲ್ಲ ಒಂದೊಂದಾಗಿ ತಾಳೆ ಹಾಕಿದರು. ಚನ್ನವ್ವ ಬಂಡೆಯ ಮೇಲೇ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಗಂಡ ಜೋಳದ ಸಾಲುಗಳನ್ನು ತುಳಿಯುತ್ತ ಓಡಿಬಂದ. ಕನ್ನಡಕದೊಳಗೆ ಕಣ್ಣು ತುಂಬಿತ್ತು.

"ಚನ್ನೀ, ಪಡಸಾಲ್ಯಾನವು ಪಡುವಲಕ್ಕ. ಕೋಣ್ಯಾನವು ಬಡಗಲಕ್ಕ. ತಿಳೀತೇನು? ಅವುಗಳ ಲೆಕ್ಕದಾಗ ಇನ್ನೂ ಮುಂಜಾನಿ ಹತ್ತು ಗಂಟೆ. ಮುಂಜಾನೀ ಸೂರ್ಯ ಅಂತ ತಿಳಕೊಂಡು ಬೆನ್ನಿಗೆ ಬಿಟ್ಟು ಹೊಂಟುವು. ಖರೇ ಸೂರ್ಯ ಆಗಲೇ ತೆಂಕಲ-ಪಡುವಲಕ್ಕ ವಾಲಿದ್ದ, ಅದಕ್ಕ ಬಡಗಲಕ್ಕ ಬಿದ್ದುವು. ಗಡಿಯಾರ ಐತಿ ಅವುಗಳೊಳಗ. ನೀ ಹೇಳಿದ್ದ ಖರೆ ಆತು."

ಶಂಕ್ರೆಪ್ಪ ನೋಡುತ್ತಿದ್ದಾನೆಂಬುದನ್ನೂ ಮರೆತು ಅವಳ ಕೈಗಳನ್ನು ಹಿಡಿದುಕೊಂಡ. ನಾಲ್ಕು ಜನರೆದುರು ಅವನು ಹಾಗೆ ಎಂದೂ ಮಾಡಿದವನಲ್ಲ. ಹೊಸ ಬಳೆಗಳು ಮಣಿಕಟ್ಟಿಗೆ ಒತ್ತಿದವು.

"ರಾಮದುರ್ಗದಾಗ ಡಬ್ಬಿ ಬಿಟ್ಟಿದ್ರಲ್ಲ," ಎಂದಳು ಚನ್ನವ್ವ, "ಎಲ್ಲಿ ನಿಂತು ಬಿಟ್ರಿ?"

ಅವನ ಕೈ ಸಡಿಲಾಯಿತು.

"ಒಬ್ಬರ ಮನಿ ಮಾಳಿಗಿ ಮ್ಯಾಲ."

"ನಿಮಗ ಕಾಣಸೂದಿಲ್ಲ. ದಿಕ್ಕ ಹೇಳಿದಾಕಿ ಯಾರು?"

ಬೇವಿನ ಕೆಳಗಿದ್ದ ಶಂಕ್ರೆಪ್ಪ ಡಬ್ಬಿಗಳನ್ನು ಎತ್ತಿಕೊಂಡು ರಸ್ತೆಯ ಕಡೆ ನಡೆದುಬಿಟ್ಟ.

"ಹೆಸರೇನ್ರಿ ಅಕೀದು?"

"ರಾಚವ್ವ." ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಅವ್ವ ಕೇಳವಲ್ಲಳು. ಊಟ ಬಿಟ್ಟು ಕುಂತಿದ್ಲು. ಮನೆತನ ಇಲ್ಲಿಗೇ ಮುಗೀಲೇನು ಅಂದ್ಲು. ನಿನ್ನ ಬಿಡತೇನಂತ ಅಲ್ಲ, ಚನ್ನೀ. ನೀ ಹೆಂಗಿದ್ದೆ ಹಂಗ ಇರತಿ. ಇವತ್ತ ಮನೀಗೆ ಹೋದ ಮ್ಯಾಲ ಹೇಳಬೇಕಂತಿದ್ದೆ."

"ಇವತ್ತ ಯಾಕ? ಮೊದಲ ಯಾಕ ಹೇಳಲಿಲ್ಲ?"

ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಹೇಳಿದ್ದರೆ ಚೆನ್ನಾಗಿತ್ತೇನೋ. "ಹೇಳಿದ್ರ ನಿನ್ನ ಮನಸ ಕೆಡತಿತ್ತು. ನೋಡೂದು ಆಗತಿರಲಿಲ್ಲ. ಕೆಲಸ ಮುಗೀಲಿ ಅಂತ ತಡದೆ," ಎಂದ.

ಅತ್ತೆಯ ಹಟವನ್ನು ಚನ್ನವ್ವ ನುಂಗಿಕೊಳ್ಳಬಲ್ಲವಳಾಗಿದ್ದಳು. ಮೂರು ಕೂಸುಗಳನ್ನು ಕಳೆದುಕೊಂಡ ಹೊಟ್ಟೆ ತನ್ನದು, ಮುದುಕಿಯ ಸಂಕಟ ತನಗೂ ತಿಳಿಯುತ್ತದೆ ಎಂದುಕೊಳ್ಳಬಹುದಿತ್ತು. ಆದರೆ ಈ ಮಾತಿಗೆ ಅವಳ ಹತ್ತಿರ ಸಮಾಧಾನವಿರಲಿಲ್ಲ. ತನ್ನೊಡನೆ ಊಟಕ್ಕೆ ಕುಳಿತು ನಾವು ನೋಡೂಣು ಎಂದವನು, ತನ್ನ ಬಾಳು ಮುರಿಯುವ ಸುದ್ದಿಯನ್ನು ಪಾತರಗಿತ್ತಿಯ ಲೆಕ್ಕ ಕೆಡಬಾರದೆಂದು ಬಚ್ಚಿಟ್ಟುಕೊಂಡಿದ್ದ. ಅವನಿಗೆ ಬೇಕಾಗಿದ್ದದ್ದು ಎರಡು ಕಣ್ಣು. ಬಂಡೆಯಿಂದ ಇಳಿದು, ಸೈಕಲ್ಲಿನ ಹಿಂದೆ ಕೂಡದೆ, ಅವಳು ಊರ ತನಕ ನಡೆದೇ ಬಂದಳು. ಅವನು ಸೈಕಲ್ಲು ತಳ್ಳಿಕೊಂಡು ಹಿಂದೆ ಹಿಂದೆ ಬಂದ.

ಮನೋಳಿಯಿಂದ ಅಣ್ಣ ಮಹಾಂತಪ್ಪ ಓಡಿಬಂದ. ಮೊದಲ ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದು ಕಾಯ್ದೆಗೆ ವಿರುದ್ಧ, ಒಂದು ಅರ್ಜಿ ಬಿದ್ದರೆ ಇವನ ನೌಕರಿ ಹೋಗುತ್ತದೆ, ಜೇಲೂ ಆಗುತ್ತದೆ ಎಂದು ಪಡಸಾಲೆಯಲ್ಲಿ ನಿಂತು ಗದರಿಸಿದ.

"ಅವರ ನೌಕರಿ ಹೋದ್ರ ನನಗೇನ ಬರತೈತಿ ಯಣ್ಣಾ?" ಎಂದಳು ಚನ್ನವ್ವ. "ಬಿಡು."

"ಹಂಗಾರ ಮನೀಗೆ ನಡಿ."

"ಅಲ್ಲೂ ಬ್ಯಾಡ. ನಿನ್ನ ಹೆಂಡತಿ ಎಷ್ಟ ದಿನ ನನ್ನ ಮಾರಿ ನೋಡ್ಯಾಳು?"

ಗುರುಬಸವ್ವ ಬಂದು ಸೊಸೆಯ ಗಲ್ಲ ಹಿಡಿದು ಅತ್ತಳು. "ಹಿರೇ ಸೊಸಿ ಅಂತ ನೀನ ಇರತಿ. ಹುಟ್ಟೂ ಕೂಸು ನಿನ್ನ ಉಡ್ಯಾಗ ಹಾಕತೇನಿ," ಎಂದಳು. ಮುದುಕಿ ಮನಸಾರೆ ಹೇಳಿದ ಮಾತೇ ಅದು. ಚನ್ನವ್ವ ಅವಳ ಕಾಲು ಮುಟ್ಟಿ ನಮಸ್ಕರಿಸಿದಳು. ಕಿತ್ತೂರಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಉಳಿದು ಓದುವ ಒಂದು ವಸತಿಮನೆಯಿತ್ತು. ಅಡಿಗೆ, ಉಗ್ರಾಣ, ಹುಡುಗಿಯರ ಮೇಲ್ವಿಚಾರಣೆಗೆ ಹೆಂಗಸೊಬ್ಬಳು ಬೇಕೆಂದು ಯಾರೋ ಹೇಳಿದ್ದರು. ತುಳಸಿ ಲಗ್ನಕ್ಕಿಂತ ಮೊದಲೇ ಒಂದು ಟ್ರಂಕು ಹಿಡಿದು ಅಲ್ಲಿಗೆ ಹೋದಳು. ಬಸ್ಸಿನ ತನಕ ಟ್ರಂಕು ಹೊತ್ತು ಬಂದವನು ಶಂಕ್ರೆಪ್ಪ. ಅವನು ಕಿಟಕಿಯ ಹತ್ತಿರ ನಿಂತು ಏನೋ ಹೇಳಲು ಹೋಗಿ, "ತಪ್ಪಾತ್ರಿ ಅವ್ವಾರ, ನನಗೂ ಗೊತ್ತಿತ್ತು," ಎಂದ.

"ನಿನ್ನ ಬಾಯಿ ಕಟ್ಟಿದ್ರು. ನಿಂದೇನ ತಪ್ಪು," ಎಂದಳು ಅವಳು.

ಮರುವರ್ಷ ಮಳೆ ತೀರಿದ ಮೇಲೆ ಒಂದು ದಿನ ನಿಜಗುಣಪ್ಪ ಕಿತ್ತೂರಿಗೆ ಬಂದ. ಸೊರಗಿದ್ದ. ಹುಡುಗಿಯರು ಶಾಲೆಗೆ ಹೋಗಿದ್ದ ಹೊತ್ತು. ಚನ್ನವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಎದ್ದು ನೀರು ಕೊಟ್ಟಳು, ಚಾಪೆ ಹಾಸಿದಳು. "ಊಟ ಮಾಡ್ರಿ," ಎಂದಳು. ಅವನಿಗೆ ಇಷ್ಟವೆಂದು ತಿಳಿದಿದ್ದ ಗುರೆಳ್ಳು ಚಟ್ನಿಗೆ ಮೊಸರು ಹಾಕಿ ಕಲಸಿ ಬಡಿಸಿದಳು. ಕೈ ತನ್ನ ಪಾಡಿಗೆ ತಾನು ಹಾಗೆ ಮಾಡಿತು.

ಊಟದ ನಡುವೆ ಅವನು ಚೀಲದಿಂದ ಅಚ್ಚಾದ ನಾಲ್ಕು ಹಾಳೆ ತೆಗೆದ. ಪಾತರಗಿತ್ತಿಯ ಲೇಖನ ವಿಜ್ಞಾನದ ಪತ್ರಿಕೆಯೊಂದರಲ್ಲಿ ಬಂದಿತ್ತು. ಇಂಗ್ಲಿಷಿನಲ್ಲಿದ್ದದ್ದನ್ನು ಬೆರಳಿಟ್ಟು ಅವಳಿಗೆ ಓದಿ ಹೇಳಿದ. ದುಂಡು ಮಣೆಯ ಚಿತ್ರವಿತ್ತು, ಪಡುವಲಕ್ಕೂ ಬಡಗಲಕ್ಕೂ ಚುಕ್ಕೆಗಳ ಎರಡು ಗುಂಪಿದ್ದವು. ಒಂದೊಂದು ಚುಕ್ಕೆಯೂ ಅವಳು ಕೂಗಿದ ಅಂಕಿ. ಕೊನೆಯ ಸಾಲಿನಲ್ಲಿ ಕಾಲೇಜಿನ ಪ್ರಾಚಾರ್ಯರಿಗೆ, ಧಾರವಾಡದ ಗುರುಗಳಿಗೆ, ಜವಾನ ಶಂಕ್ರೆಪ್ಪನಿಗೆ, ಮತ್ತು ದಿಕ್ಕುಗಳನ್ನು ಗುರುತಿಸಿದ್ದಕ್ಕಾಗಿ ನನ್ನ ಹೆಂಡತಿಗೆ ಕೃತಜ್ಞತೆಗಳು ಎಂದಿತ್ತು.

"ಹೆಸರಿಲ್ಲ?" ಎಂದಳು ಚನ್ನವ್ವ.

"ಹೆಂಡತಿ ಅಂದ್ರ ಸಾಕು ಅಂದ್ರು ಗುರುಗಳು. ಹಂಗ ಬರಿಯೂದು ರೂಢಿ."

"ಶಂಕ್ರೆಪ್ಪಂದು ಐತಲ್ಲ."

ಅವನು ಹಾಳೆ ಮಡಿಸಿದ. ತಾನು ಅದನ್ನು ಯೋಚಿಸಿಯೇ ಇರಲಿಲ್ಲವೆಂದು ಅವನ ಮುಖವೇ ಹೇಳಿತು. ಬೈಲಹೊಂಗಲದ ಮನೆಯಲ್ಲಿ ಈಗ ಹೆಂಡತಿಯಾಗಿ ಇರುವವಳು ರಾಚವ್ವ; ಈ ಲೇಖನ ನೋಡಿದವರೆಲ್ಲ ಅವಳನ್ನೇ ಹೊಗಳಿಹೋಗುತ್ತಾರೆಂಬುದು ಚನ್ನವ್ವನಿಗೆ ಯಾರೂ ಹೇಳದೆಯೇ ತಿಳಿಯಿತು. ಆ ಹುಡುಗಿಯೇನು ಮಾಡಿಯಾಳು? ರಾಮದುರ್ಗದ ಮಾಳಿಗೆಯ ಮೇಲೆ ನಿಂತು ಒಂದು ದಿನ ಅವಳೂ ಹದಿಮೂರು ಎಂದು ಹೇಳಿದ್ದು ಸುಳ್ಳಲ್ಲವಲ್ಲ.

"ಮತ್ತೊಮ್ಮೆ ಮಾಡಿ ತೋರಸ್ರಿ ಅಂದಾರ ಗುರುಗಳು," ಎಂದ ಅವನು ತಲೆ ಎತ್ತದೆ. "ಈ ವರ್ಷ ಪಾತರಗಿತ್ತಿ ಬರಾಕ ಸುರು ಆಗ್ಯಾವ. ರಾಚವ್ವಗ ಏಳ ತಿಂಗಳು, ಹೊಲಕ್ಕ ಬರಾಕ ಆಗೂದಿಲ್ಲ. ಹುಡುಗೂರನ್ನ ನಿಲ್ಲಿಸಿ ನೋಡಿದೆ, ಅರ್ಧ ದಾರ್ಯಾಗ ಕಳಕೊಳ್ತಾರ. ದಸರಿ ಸೂಟಿ ಮುಗಿಯೂ ತನಕ ನೀ ಬಂದ್ರ…"

"ಆಗೂದಿಲ್ಲ," ಎಂದಳು ಚನ್ನವ್ವ.

ಅವನು ಮತ್ತೆ ಕೇಳಲಿಲ್ಲ. ಕೈ ತೊಳೆಯಲು ಎದ್ದವನು ಬಚ್ಚಲ ಹತ್ತಿರ ನಿಂತು ಬಹಳ ಹೊತ್ತು ಮುಖಕ್ಕೆ ನೀರು ಹಾಕಿಕೊಂಡ. "ನಾ ಹಾಳ ಮಾಡಿದೆ ಚನ್ನೀ," ಎಂದ. ಅವಳು ಕೇಳಿಸಿಕೊಂಡಳು. ಅವನು ಉಂಡ ತಾಟು ಎತ್ತಿ ಚಾಪೆ ಸುತ್ತಿಟ್ಟಳು. ಮೂರರ ಬಸ್ಸಿಗೆ ಅವನು ಹೋದ. ಆಮೇಲೆ ಪಾತರಗಿತ್ತಿಯ ಕೆಲಸವನ್ನೂ ಬಿಟ್ಟನೆಂದು ಸುದ್ದಿ ಬಂತು. ಮತ್ತೆ ಕಿತ್ತೂರಿಗೆ ಬರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ರಾಚವ್ವ ಗಂಡು ಹಡೆದಳು. ಶಂಕ್ರೆಪ್ಪ ಯಾವುದೋ ಕೆಲಸಕ್ಕೆ ಕಿತ್ತೂರಿಗೆ ಬಂದವನು ವಸತಿಮನೆಗೂ ಬಂದು ಅಳುಕುತ್ತ ಸುದ್ದಿ ಹೇಳಿದ. ಚನ್ನವ್ವ ಅವನಿಗೆ ಚಹಾ ಕೊಟ್ಟು ಕೂಡಲು ಹೇಳಿದಳು. ಒಳಗೆ ಹೋಗಿ ಟ್ರಂಕಿನಿಂದ ತನ್ನ ಹಳೆಯ ಇಳಕಲ್ ಸೀರೆಯ ಸೆರಗು ತೆಗೆದು ಕತ್ತರಿಸಿದಳು. ಅವನು ಪೇಟೆಯ ಕೆಲಸ ಮುಗಿಸಿಕೊಂಡು ಮರಳುವಷ್ಟರಲ್ಲಿ ಎಳೆಗೂಸಿನ ತಲೆಗೂ ಬೆನ್ನಿಗೂ ಹೊದಿಸುವ ಒಂದು ಕುಂಚಿಗೆ ಹೊಲಿದು ಮುಗಿಸಿದ್ದಳು.

"ಯಾರ ಕೊಟ್ರು ಅಂತ ಹೇಳಲ್ರಿ ಅವ್ವಾರ?"

"ಸಂತ್ಯಾಗ ಕೊಂಡೆ ಅನ್ನು."

ಶಂಕ್ರೆಪ್ಪ ಅದನ್ನು ಚೀಲದೊಳಗೆ ಇಟ್ಟುಕೊಂಡು ಹೋದ. ಚನ್ನವ್ವ ಉಳಿದ ಅರಿವೆಯ ತುಂಡುಗಳನ್ನು ಆಯುತ್ತ ಕುಳಿತಳು. ಕೂಸು ಎಷ್ಟು ಉದ್ದ, ತಲೆ ಎಷ್ಟು ದೊಡ್ಡದು ಎಂದು ಅವಳು ಕೇಳಿರಲಿಲ್ಲ. ಬೈಲಹೊಂಗಲದ ಮನೆಯಲ್ಲಿ ಮೂರು ಸಲ ಕುಂಚಿಗೆ ಹೊಲಿದಿದ್ದಳು, ಅಳತೆ ಕೈಗೆ ಗೊತ್ತಿತ್ತು. ಹೊರಗೆ ಹುಡುಗಿಯರು ಶಾಲೆಯಿಂದ ಬಂದು, "ಅಕ್ಕಾರ, ಹಸಿವ್ಯಾಗೇತಿ," ಎಂದು ಕರೆಯುತ್ತಿದ್ದರು. ತುಂಡುಗಳನ್ನು ಟ್ರಂಕಿನಲ್ಲಿಟ್ಟು ಅವಳು ರೊಟ್ಟಿ ಬಡಿಯಲು ಎದ್ದಳು.